ಕಾರಣ ಕೇಳದ ಕಾನೂನು

ನನ್ನ ಗಂಡ ಗಾಸ್ಪಾರ್ ನನ್ನನ್ನು ಹೊಡೆಯುತ್ತಿರಲಿಲ್ಲ, ಕುಡಿದು ಬೀದಿಯಲ್ಲಿ ಬೀಳುತ್ತಿರಲಿಲ್ಲ. ನನ್ನ ಕಷ್ಟವೇ ಅದಾಯಿತು. ಹೊಡೆದಿದ್ದರೆ ತೋಳಿನ ಬಾಸುಂಡೆ ತೋರಿಸಬಹುದಿತ್ತು. ಅವನು ಹತ್ತಿರ ಬಂದರೆ ಮೈಯೆಲ್ಲ ಹೇಸುತ್ತದೆ ಎಂಬುದನ್ನು ಯಾರಿಗೆ ಹೇಗೆ ತೋರಿಸಲಿ?

ಅವನದು ಸಿರಿವಂತರ ತಲೆಗೆ ಕೃತಕ ಕೂದಲಿನ ಟೋಪನ್ನು ಕಟ್ಟುವ ಕಸುಬು. ಕ್ರಾಂತಿಗೆ ಹೆದರಿ ಅವರೆಲ್ಲ ಪ್ಯಾರಿಸ್ ಬಿಟ್ಟು ಓಡಿದ ಮೇಲೆ ಟೋಪನ್ನು ಕೇಳುವವರೇ ಇಲ್ಲವಾದರು. ಆದರೆ ಕೂದಲಿಗೆ ಬಳಿಯುವ ಹಂದಿಕೊಬ್ಬಿನ ನಾತ ಅವನ ಉಗುರುಸಂದಿ ಬಿಟ್ಟು ಹೋಗಲಿಲ್ಲ. ಈಗ ಅವನ ಕೆಲಸ ಮಾತು. ಪೇಟೆಯ ಸಭೆಯಲ್ಲಿ ಕೆಂಪು ಟೊಪ್ಪಿಗೆ ಹಾಕಿಕೊಂಡು, ಒಬ್ಬ ಮನುಷ್ಯ ಇನ್ನೊಬ್ಬನ ಸೊತ್ತಲ್ಲ ಎಂದು ಗುಡುಗುತ್ತಿದ್ದ. ಚಪ್ಪಾಳೆ ಗಿಟ್ಟಿಸಿಕೊಂಡು ಮನೆಗೆ ಬಂದವನು ಬೂಟು ಬಿಚ್ಚಲೆಂದು ನನ್ನ ಮುಂದೆ ಕಾಲು ಚಾಚುತ್ತಿದ್ದ. ಆಮೇಲೆ ಆ ಜಿಡ್ಡು ಕೈ ನನ್ನ ಕುತ್ತಿಗೆಯ ಮೇಲೆ. ಬೇಡ ಅಂದರೆ ನಗುತ್ತಿದ್ದ. ನನ್ನ 'ಬೇಡ' ಅವನ ಕಿವಿಗೆ ಬೆಕ್ಕಿನ ಸದ್ದಿನಷ್ಟೂ ಬೀಳುತ್ತಿರಲಿಲ್ಲ.

ದೊರೆಯನ್ನು ಇಳಿಸಿದ ವರ್ಷವೇ ಹೊಸ ಕಾನೂನು ಬಂತು. ಸ್ವಭಾವ ಹೊಂದದಿದ್ದರೆ ಹೆಂಡತಿಯೂ ಬಿಡುಗಡೆ ಕೇಳಬಹುದು, ತಪ್ಪು ರುಜುವಾತು ಮಾಡಬೇಕಾಗಿಲ್ಲ. ಎರಡೂ ಕಡೆಯಿಂದ ತಲಾ ಮೂವರು ನೆಂಟರೋ ಗೆಳೆಯರೋ ತಿಂಗಳುಗಳ ಅಂತರದಲ್ಲಿ ಮೂರು ಸಲ ಕೂತು ರಾಜಿ ಮಾಡಿಸಲು ನೋಡಬೇಕು. ರಾಜಿಯಾಗದಿದ್ದರೆ ತಡೆಯುವ ಅಧಿಕಾರ ಅವರಿಗಿಲ್ಲ.

ನಾನು ಅರ್ಜಿ ಕೊಟ್ಟೆ. ಮೊದಲ ಸಭೆ ಮುಗಿದಾಗ ಎಲ್ಲರೂ ಎದ್ದು ಒಬ್ಬರನ್ನೊಬ್ಬರು ತಬ್ಬಿ ಮುತ್ತಿಟ್ಟರು. ಆ ದಿನಗಳಲ್ಲಿ ಯಾವ ಸಭೆ ಮುಗಿದರೂ ಈ ಸೋದರಭಾವದ ಮುತ್ತು ಇದ್ದದ್ದೇ. ಗಾಸ್ಪಾರ್ ತೋಳು ಚಾಚಿದ. ರೂಢಿಯಂತೆ ನಾನೂ ಕೆನ್ನೆ ಒಡ್ಡಿದೆ. ಕೂಡಲೇ ಜನ ಟೊಪ್ಪಿಗೆ ಹಾರಿಸಿದರು. ಒಬ್ಬ ಅತ್ತೇಬಿಟ್ಟ. ಗುಮಾಸ್ತ ರಾಜಿಯಾಯಿತೆಂದು ಬರೆದುಕೊಂಡ. ಒಂದು ಕೆನ್ನೆಯಿಂದಾಗಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಅಷ್ಟು ತಿಂಗಳು ಮತ್ತೆ ಅದೇ ಹಾಸಿಗೆ.

ಎರಡನೆಯ ಅರ್ಜಿಯ ಕೊನೆಯ ಸಭೆ ಶರತ್ಕಾಲದ ಒಂದು ಮಧ್ಯಾಹ್ನ, ಪಾದ್ರಿಗಳಿಲ್ಲದ ಹಳೆಯ ಪ್ರಾರ್ಥನಾಮಂದಿರದಲ್ಲಿ ನಡೆಯಿತು. ನನ್ನ ಕಡೆ ತಮ್ಮ ಮೆದಾರ್, ಕೆಳಮನೆಯ ಬಬೆತ್, ಅವಳ ಗಂಡ. ಬಬೆತ್ ಬೇಯಿಸಿದ ಹಸುವಿನ ಕರುಳು ಮಾರುವವಳು. ಗಾಸ್ಪಾರ್ ಕಡೆ ಮೂವರು ಭಾಷಣಕಾರರು. ಅವರಲ್ಲಿ ಮುದ್ರಕ ಬ್ಲೊಂಡೆಲ್ ಹಿರಿಯ.

"ನಾವೆಲ್ಲ ವಿಚಾರವಂತರು ತಾಯಿ," ಅಂದ ಬ್ಲೊಂಡೆಲ್. "ವಿಚಾರಕ್ಕೆ ಸಿಗೋ ಹಾಗೆ ಒಂದು ಕಾರಣ ಹೇಳು. ಹೊಡೀತಾನಾ?"

"ಇಲ್ಲ."

"ಬೇರೆ ಹೆಂಗಸು?"

"ಇದ್ದಿದ್ರೆ ಅವಳಿಗೆ ಕೈಮುಗೀತಿದ್ದೆ."

ಬಬೆತ್ ಕಿಸಕ್ಕನೆ ನಕ್ಕಳು. ಬ್ಲೊಂಡೆಲ್ ಗಂಟಲು ಸರಿಮಾಡಿಕೊಂಡ. "ಹೆಂಗಸು ಮನೆ ಹಿಡೀಬೇಕು ಅಂತ ಪ್ರಕೃತಿಯೇ ಹೇಳುತ್ತೆ."

"ಪ್ರಕೃತಿ ನಿನ್ ಹತ್ರ ಯಾವಾಗ ಹೇಳ್ತಪ್ಪಾ?" ಅಂದಳು ಬಬೆತ್. "ಕರುಳು ತೊಳೆಯುವಾಗ ದಿನಾ ಅದರ ಮುಖ ನೋಡ್ತೀನಿ, ನನಗೊಂದು ಮಾತೂ ಹೇಳಿಲ್ಲ."

ಮೆದಾರ್ ನನ್ನ ಕಿವಿಯ ಹತ್ತಿರ ಬಾಗಿದ. "ಅಕ್ಕಾ, ಸಾಕು ಮಾಡು. ಭಾವ ಈಗ ಕಾವಲು ಸಮಿತಿಯಲ್ಲಿದಾನೆ. ನಂಗೆ ದೇಶನಿಷ್ಠೆ ಪತ್ರ ಅವನೇ ಕೊಡಿಸ್ಬೇಕು, ಅದಿಲ್ದಿದ್ರೆ ಜೈಲು."

"ಅದಕ್ಕೆ ನಾನು ಅವನ ಜೊತೆ ಮಲಗ್ಬೇಕಾ?"

ಅವನು ಹಿಂದಕ್ಕೆ ಸರಿದು ಕೂತ. ನನ್ನ ಸೊಂಟದ ಮೇಲೆ ಬೆಳೆದ ಹುಡುಗ. ಕೋಪ ಬರಲಿಲ್ಲ. ಹಳಸಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದಾಗ ಆಗುವುದಲ್ಲ, ಅದಾಯಿತು.

ಅಷ್ಟರಲ್ಲಿ ಗಾಸ್ಪಾರ್ ಎದ್ದು ಮಂದಿರದ ನಡುವೆ ನಿಂತು ತೋಳು ಅಗಲಿಸಿದ. ನೋಡಲು ಬಂದಿದ್ದ ಜನ ಬಾಗಿಲ ಹತ್ತಿರ ತುಂಬಿಕೊಂಡಿದ್ದರು.

"ನಾಗರಿಕರೇ, ನಾನು ಕ್ಷಮಿಸಿದೀನಿ. ಬಾರೇ ಉರ್ಸುಲ್, ಎಲ್ಲರ ಮುಂದೆ ಒಂದು ಸೋದರಮುತ್ತು."

ಜನ ಚಪ್ಪಾಳೆ ತಟ್ಟತೊಡಗಿದರು. ಒಬ್ಬಳು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಗುಮಾಸ್ತ ಲೇಖನಿ ಮಸಿಗೆ ಅದ್ದಿ ಕಾಯುತ್ತ ಕೂತ. ಗಾಸ್ಪಾರ್ ಬಂದೇಬಿಟ್ಟ. ಈರುಳ್ಳಿ, ವೈನು, ಕೊಬ್ಬು. ತುಟಿಯ ಮೂಲೆಯಲ್ಲಿ ಬೆಳ್ಳಗೆ ಒಣಗಿದ ಎಂಜಲು. ನನ್ನ ಕೆನ್ನೆ ರೂಢಿಯಂತೆ ತಿರುಗತೊಡಗಿದ್ದು ನನಗೇ ಗೊತ್ತಾಯಿತು. ಇಷ್ಟು ವರ್ಷ ಒಡ್ಡಿ ಒಡ್ಡಿ ಅದು ನನ್ನ ಮಾತು ಕೇಳುವುದನ್ನೇ ಮರೆತಿತ್ತು.

ಅಂಗೈಯನ್ನು ಅವನ ಬಾಯಿಗೆ ಅಡ್ಡ ಒತ್ತಿ ಹಿಡಿದೆ. ಚಪ್ಪಾಳೆ ನಿಂತಿತು. ಅವನ ಉಸಿರು ನನ್ನ ಬೆರಳುಸಂದಿಯಲ್ಲಿ ಬಿಸಿಯಾಗಿ, ಒದ್ದೆಯಾಗಿ ನುಗ್ಗುತ್ತಿತ್ತು. ಕೈ ತೆಗೆಯಲಿಲ್ಲ.

"ನಂಗೆ ಹೇಸಿಗೆ ಆಗುತ್ತೆ," ಅಂದೆ. "ಕಾರಣ ಅಷ್ಟೇ. ಬರ್ಕೋಬೇಕು ಅಂತಿದ್ರೆ ಬರ್ಕೊಳ್ಳಿ."

"ಇದೊಂದು ಕಾರಣನಾ?" ಅಂದ ಬ್ಲೊಂಡೆಲ್.

ಗುಮಾಸ್ತ ಬೇಸರದಿಂದ ತಲೆಯೆತ್ತಿದ. "ಕಾನೂನು ಕಾರಣ ಕೇಳಲ್ಲ ನಾಗರಿಕ. ರಾಜಿ ಆಯ್ತೋ ಇಲ್ವೋ ಅಷ್ಟು ಹೇಳಿ, ಹಿಂದೆ ಇನ್ನೂ ಎರಡು ಜೋಡಿ ಕಾಯ್ತಿದೆ."

ನಾನೇ ಹೇಳಿದೆ. "ಆಗಿಲ್ಲ."

ಗುಮಾಸ್ತ ಬರೆದುಕೊಂಡ. ಎಂಟು ದಿನ ಬಿಟ್ಟು ಅಧಿಕಾರಿಯ ಮುಂದೆ ಹೋದರೆ ಮುಗಿಯಿತಂತೆ. ಗಾಸ್ಪಾರ್ ತೋಳಿನಿಂದ ಬಾಯಿ ಒರೆಸಿಕೊಂಡ, ಹೊಲಸು ತಾಗಿದ್ದು ಅವನಿಗೇ ಅನ್ನುವ ಹಾಗೆ.

ಹೊರಗೆ ಬಂದಾಗ ಬಬೆತ್ ನನ್ನ ಪಕ್ಕದಲ್ಲಿದ್ದಳು. ಮೆದಾರ್ ಒಳಗೇ ಉಳಿದ. ಗೆದ್ದೆ ಅನ್ನಿಸಲಿಲ್ಲ. ಬೀದಿಯ ಕಾರಂಜಿಯ ಕೆಳಗೆ ಕೈ ಹಿಡಿದು, ಪಕ್ಕದ ಒಲೆಯ ಬೂದಿ ಹಾಕಿ ಉಜ್ಜಿದೆ. ಮತ್ತೆ ಉಜ್ಜಿದೆ.

"ಚರ್ಮ ಸುಲಿದುಹೋಗುತ್ತೆ ಕಣೇ," ಅಂದಳು ಬಬೆತ್.

"ಹೋಗ್ಲಿ ಬಿಡು," ಅಂದೆ. "ನಂದೇ ತಾನೆ."