ಹೊರಗೆ ಮುಖ ಮಾಡಿದ ಗಿಳಿಗಳು

ಗೂಡಲೂರಿನ ಬಸ್ಸಿಳಿದು ಸರಣ್ಯಾ ತವರಿಗೆ ಬಂದಾಗ ಅವಳ ಮುಂದಿನ ಹಲ್ಲು ಮುರಿದಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅಣ್ಣ ಅಳಗರ್‌ಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಹಿಂದೆ ಬಂದಾಗಲೆಲ್ಲ ಬುದ್ಧಿ ಹೇಳಿ, ಬೈಕಿನಲ್ಲಿ ಕೂರಿಸಿಕೊಂಡು ಗಂಡನ ಮನೆಗೆ ಬಿಟ್ಟುಬಂದವನು ಇದೇ ಮಹಾನುಭಾವ. ಊರು ಆಡಿಕೊಳ್ಳುತ್ತದಲ್ಲ! ಊರಿಗೇನು, ಒದೆ ತಿಂದದ್ದು ಅದಲ್ಲ.

ಈ ಸಲ ಕುಲದ ಬಟ್ಟೆ ಹೊದಿಸಲೇಬೇಕೆಂದು ತಾಯಿ ವೀರಮ್ಮಾಳ್ ಹಟ ಹಿಡಿದಳು. ಕಾಮಯಗೌಂಡನ್‌ಪಟ್ಟಿಯ ಅವರ ಬಳಗದಲ್ಲಿ ಅದೊಂದು ಕಟ್ಟಳೆ. ಕೆಂಪು ಬಟ್ಟೆ, ಅಂಚಿಗೆ ಅಚ್ಚೊತ್ತಿದ ಗಿಳಿಗಳು. ಮದುವೆಯಾಗಿ ಹೋಗುವವಳಿಗೆ ಹೊದಿಸುವುದರಲ್ಲಿ ಗಿಳಿಗಳ ಮುಖ ಹೊರಗೆ. ಅವಳಿನ್ನು ಗಂಡನ ಮನೆಯವಳು. ನೊಂದು ಮರಳಿದವಳಿಗೆ ಹೊದಿಸುವುದರಲ್ಲಿ ಮುಖ ಒಳಗೆ. ಅದರಡಿ ಕೂತವಳನ್ನು ಕಟ್ಟಿಕೊಂಡ ಗಂಡನೂ ಮುಟ್ಟುವಂತಿಲ್ಲ. ಮುಟ್ಟಿದರೆ ಕುಲದಿಂದಲೇ ಹೊರಗೆ.

ಮರಳಿದವಳ ಹಳೇ ಬಟ್ಟೆಯನ್ನು ಇಲಿ ತಿಂದಿತ್ತು. ಹೋದ ವರ್ಷ ಅಳಗರ್ ಅದರ ಚಿಂದಿ ತೋರಿಸಿ, ಬಾಗಿಲು ಕೆತ್ತುವ ಆಚಾರಿಯಿಂದ ಅಚ್ಚು ಮಾಡಿಸಿ, ದಿಂಡಿಗಲ್ ಕಡೆ ಕೊಟ್ಟು ಹೊಸದು ಒತ್ತಿಸಿ ತಂದಿದ್ದ. ಈಗ ಪೆಟ್ಟಿಗೆಯಿಂದ ತೆಗೆದು ತಂಗಿಯ ತಲೆಯ ಮೇಲೆ ಹಾಕಿ, ಪಡಸಾಲೆಯಲ್ಲಿ ಕೂರಿಸಿದ. ಸದ್ಯ, ತನ್ನ ಕೆಲಸ ಮುಗಿಯಿತು ಎಂದುಕೊಂಡ.

ಮಧ್ಯಾಹ್ನ ಅವಳ ಗಂಡ ಲೋಗೇಶ್ ಮಚ್ಚು ಹಿಡಿದು ಬಂದ. ಅಡ್ಡ ಬಂದ ಅತ್ತೆಯನ್ನು ಒದ್ದ. ಮುದುಕಿ ಒರಳಿಗೆ ಬಡಿದು ಬಿದ್ದಳು. ಬಟ್ಟೆ ಕಂಡದ್ದೇ ನಿಂತುಬಿಟ್ಟ. ಎಷ್ಟಾದರೂ ಅವನ ಮನೆಯಲ್ಲೂ ಅದೇ ಕಟ್ಟಳೆ. ಬಗ್ಗಿ ಅಂಚು ನೋಡಿದ, ಹೆಂಡತಿಯ ಅಣ್ಣನತ್ತ ತಿರುಗಿ ನಕ್ಕ.

“ಮಚ್ಚಾನ್, ಗಿಳಿಯೆಲ್ಲಾ ಹೊರಗ್ ನೋಡ್ತಾವೆ. ನೀನೇ ತಿರ್ಗ ಕಳಿಸಿಕೊಟ್ಟಂಗಾಯ್ತು.”

ಹೌದು, ಹೊರಗೇ ನೋಡುತ್ತಿದ್ದವು. ಮರದ ಅಚ್ಚಿನಲ್ಲಿ ಬಲಕ್ಕೆ ಕೆತ್ತಿದ್ದು ಬಟ್ಟೆಯ ಮೇಲೆ ಎಡಕ್ಕೆ ಬೀಳುತ್ತದೆ, ಒಳಮುಖ ಹೊರಮುಖವಾಗುತ್ತದೆ. ಬಾಗಿಲು ಕೆತ್ತುವವನಿಗೆ ಅದು ಹೊಳೆದಿರಲಿಲ್ಲ, ಒತ್ತಿಸಿ ತಂದ ಈ ದಡ್ಡ ಅಂಚಿನತ್ತ ಕಣ್ಣೂ ಹಾಯಿಸಿರಲಿಲ್ಲ.

ಲೋಗೇಶ್ ಬಟ್ಟೆ ಕಿತ್ತೆಸೆದು, ಅವಳ ಜಡೆ ಹಿಡಿದು ಅಂಗಳಕ್ಕೆ ಎಳೆದ. ಹೊಸ್ತಿಲಿಗೆ ಬಡಿದು ಅವಳ ಮೊಣಕಾಲು ಸೀಳಿತು. ಇಲ್ಲೇ ಸಾಯುತ್ತೇನೆ, ಬರುವುದಿಲ್ಲ ಎಂದಳು. ಹಾಗಾದರೆ ಸಾಯಿ ಎಂದು ಅವನು ಮಚ್ಚೆತ್ತಿದ.

ಅಳಗರ್ ಹಿಂದೆಮುಂದೆ ನೋಡದೆ ಕೈ ಅಡ್ಡ ಕೊಟ್ಟ. ಎರಡು ಬೆರಳು ತುಂಡಾಗಿ ಕೆಳಗೆ ಬಿದ್ದವು. ಆ ಕೈಯಲ್ಲೇ ತಂಗಿಯ ಗಂಡನ ಕತ್ತು ಹಿಡಿದು ಗೋಡೆಗೆ ಮುಖ ಚಚ್ಚಿದ. ಮೂಗಿನ ಮೂಳೆ ಲಟಕ್ಕೆಂದರೂ ಬಿಡಲಿಲ್ಲ, ಮತ್ತೆ ಚಚ್ಚಿದ. ಗಿಳಿ ಎತ್ತ ಬೇಕಾದರೂ ನೋಡಲಿ, ಅವಳು ಬರುವುದಿಲ್ಲ ಎಂದು ಕಿವಿಯಲ್ಲಿ ಅರಚಿದ. ಮಚ್ಚು ಬಿಸಾಕಿ ಲೋಗೇಶ್ ರಕ್ತ ಕಾರುತ್ತಾ ಬೀದಿಗೆ ತೆವಳಿದ.

ವೀರಮ್ಮಾಳ್ ಹೇಗೋ ಎದ್ದು ಆಟೋ ಕರೆಯಲು ಕುಂಟುತ್ತಾ ಹೋದಳು. ಸರಣ್ಯಾ ಸೆರಗು ಹರಿದು ಅಣ್ಣನ ಕೈಗೆ ಬಿಗಿಯಾಗಿ ಸುತ್ತಿದಳು. ತಂಗಿಯನ್ನು ಉಳಿಸಿಕೊಂಡೆನಲ್ಲ ಎಂದು ಅಳಗರ್ ಹಲ್ಲು ಕಚ್ಚಿ ಕೂತಿದ್ದ. ಅವಳು ಅವನ ಮುಖ ನೋಡದೆ ಹೇಳಿದಳು:

“ಮೊದ್ಲು ಬಂದಾಗ್ಲೇ ಹಿಂಗ್ ನಿಂತಿದ್ರೆ ನನ್ ಹೊಟ್ಟೆಲಿದ್ದ ಕೂಸು ಉಳೀತಿತ್ತು, ಅಣ್ಣಾ.”

ಕೂಸಿದ್ದ ಸಂಗತಿಯೇ ಅವನಿಗೆ ಗೊತ್ತಿರಲಿಲ್ಲ. ಬೆರಳು ಹೋದಾಗ ಬಾರದ ಕೂಗು ಆಗ ಬಂತು.