ಒಂದೇ ಓಟ, ಎರಡು ಬಗೆಯ ಮೂಳೆ

ರುಫೀನಾಳ ಮೊಣಕಾಲಿನ ಕೆಳಗೆ ನೋವು ಶುರುವಾಗಿ ವಾರಗಳೇ ಕಳೆದಿದ್ದವು. ಮೊದಮೊದಲು ಓಡಿದರಷ್ಟೇ ಚುಚ್ಚುತ್ತಿತ್ತು, ಈಗೀಗ ಮಲಗಿದರೂ ಚುಚ್ಚುತ್ತಿತ್ತು. ಬೆಳಗಾದರೆ ನಮ್ಮ ರರಾಮುರಿ ಬುಡಕಟ್ಟಿನ ಹೆಂಗಸರ ಓಟ. ನಾರಿನ ಬಳೆಯನ್ನು ಕೋಲಿನಿಂದ ಎಸೆದು ಎಸೆದು ಗುಡ್ಡ ಸುತ್ತಬೇಕು. ಕಣಿವೆಯಾಚೆಯ ಊರಿನವರ ಎದುರು ನಾವೆಲ್ಲ ಲಂಗ, ಕಂಬಳಿ, ಆಡು ಪಣಕ್ಕಿಟ್ಟಿದ್ದೆವು. ಆದರೂ ಪಕ್ಕದ ಮನೆಯ ಆ ಹುಡುಗಿ ಕುಂಟುವುದನ್ನು ಕಂಡರೆ ಇವಳು ಓಡುವುದು ಬೇಡ ಅನ್ನಿಸುತ್ತಿತ್ತು.

ಅವಳಪ್ಪ ಎವಾರಿಸ್ತೊನದು ಒಂದೇ ಹಟ.

"ಇದು ಮಾಟ ಕಣೇ. ಆಚೆ ಊರಿನೋರದ್ದೇ ಕೆಲ್ಸ. ಇವಳಕ್ಕ ಮಾಕ್ಲೋವಿಯಾನೂ ಇಷ್ಟೇ ಓಡಿದ್ಲು, ಕಾಲು ಕಲ್ಲಿನ ಹಾಗೆ ಗಟ್ಟಿಯಾಯ್ತು. ಇಬ್ರೂ ಹುರಿದ ಮೆಕ್ಕೆಜೋಳದ ಒಂದೇ ಪಿನೋಲೆ ಹಿಟ್ಟು ತಿಂದು ಬೆಳೆದೋರು. ಇವಳಿಗೆ ಮಾತ್ರ ಯಾಕೆ ನೋವು? ಮಾಟ ತೆಗೆಯೋರಿಂದ ಹೊಗೆ ಹಾಕಿಸ್ತೀನಿ, ನಾಳೆ ಓಡ್ತಾಳೆ."

ನನಗೆ ತಡೆಯಲಾಗಲಿಲ್ಲ. ಹೋಗಿ ಆರೋಗ್ಯ ಕಾರ್ಯಕರ್ತೆ ದೊಮಿತಿಲಾಳನ್ನು ಕರೆತಂದೆ. ಅವಳು ಬೆರಳಿನಿಂದ ಮೂಳೆಯ ಮೇಲೆ ಒತ್ತಿದಳು. ರುಫೀನಾ ಕಿರುಚಿಕೊಂಡಳು.

"ಅಣ್ಣಾ, ಮನೆತನದಲ್ಲಿ ಯಾರಿಗಾದ್ರೂ ಸಣ್ಣ ಭಾರಕ್ಕೇ ಮೂಳೆ ಮುರಿದಿತ್ತಾ?"

ಎವಾರಿಸ್ತೊ ಮುಖ ತಿರುಗಿಸಿಕೊಂಡ. ನಾನೇ ಬಾಯಿ ಹಾಕಿದೆ. "ಇವಳ ಚಿಕ್ಕಮ್ಮನಿಗೆ! ನೀರು ಹೊತ್ಕೊಂಡು ಇಳೀತಿದ್ದಾಗ ಕಾಲು ಲಟಕ್ ಅಂತು. ಇವತ್ತಿಗೂ ಕುಂಟ್ತಾಳೆ."

"ಅವಳಿಗೂ ಮಾಟ ಅಂದ್ಕೊಂಡಿದ್ವಿ," ಅಂದ ಅವನು, ಮೆಲ್ಲಗೆ.

"ಭಾರ ಬಿದ್ರೆ ಮೂಳೆ ಗಟ್ಟಿಯಾಗತ್ತೆ, ನಿಜ," ಅಂದಳು ದೊಮಿತಿಲಾ. "ಆದ್ರೆ ಎಷ್ಟು ಗಟ್ಟಿಯಾಗತ್ತೆ ಅನ್ನೋದು ಎಲ್ರಿಗೂ ಒಂದೇ ಅಲ್ಲ. ಅದರಲ್ಲಿ ಅಪ್ಪ ಅಮ್ಮನಿಂದ ಬಂದ ಜೀನ್‌ಗಳ ಪಾಲೂ ಇದೆ. ಅಕ್ಕತಂಗೀರಿಗೂ ಅವು ಒಂದೇ ಥರ ಬರಲ್ಲ. ಅಕ್ಕನ ಮೂಳೆಗೆ ಓಟ ಒಗ್ಗಿತು. ಇವಳದ್ದು ಒಗ್ಗೋ ಮೊದ್ಲೇ ನೀವು ಓಡಿಸಿದ್ರಿ. ಒಳಗೆ ಬಿರುಕು ಬಿಟ್ಟಿರಬಹುದು. ನಾಳೆ ಓಡಿದ್ರೆ ಪೂರ್ತಿ ಮುರೀಬಹುದು."

"ರರಾಮುರಿ ಕಣಮ್ಮ ನಾವು, ಓಡೋ ಜನ! ಊರಿಗೆ ಏನಂತ ಮುಖ ತೋರಿಸ್ಲಿ?" ಅಂದ ಎವಾರಿಸ್ತೊ.

ರುಫೀನಾ ಕಣ್ಣೊರೆಸಿಕೊಂಡಳು. "ಓಡು ಅಂದ್ರೆ ಓಡ್ತೀನಪ್ಪಾ. ಚಿಕ್ಕಮ್ಮನ ಹಾಗೆ ಆದ್ರೆ ನನ್ನ ಯಾರು ಹೊತ್ಕೊಂಡು ತಿರುಗ್ತಾರೆ?"

ಎವಾರಿಸ್ತೊನ ಮುಖ ಸಣ್ಣದಾಯಿತು. ಅವಳೆದುರು ಬೆನ್ನು ಬಾಗಿಸಿ ಕೂತ. "ಹತ್ತು ಮಗಾ, ಆಸ್ಪತ್ರೆಗೆ ಹೋಗೋಣ. ಬೈಯೋರು ನನ್ನ ಬೈಲಿ."

ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಸದ್ಯ, ಮುರಿದಿರಲಿಲ್ಲ. ವಾಸಿಯಾಗುವ ತನಕ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಸ್ವಲ್ಪ ಸ್ವಲ್ಪವೇ ಓಟ ಅಂದರು ಡಾಕ್ಟರು. ಸದಾ ಕೂತೇ ಇದ್ದರೂ ಮೂಳೆ ಸೊರಗುತ್ತದಂತೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳೂ ಓಡಲಿ, ಕುಣಿಯಲಿ, ಭಾರ ಹೊರಲಿ. ಮೂಳೆಗೆ ಅದು ಬೇಕು. ಆದರೆ ಒಂದೇ ಜಾಗದಲ್ಲಿ ನೋವು ಕೂತುಬಿಟ್ಟರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಮನೆತನದಲ್ಲಿ ಯಾರಿಗೆ ಮೂಳೆ ಮುರಿದಿತ್ತು ಅನ್ನುವುದನ್ನು ಮುಚ್ಚಿಡದೆ ಹೇಳಿ. ಅಕ್ಕ ತಡೆದುಕೊಂಡಳು ಎಂದು ತಂಗಿಯನ್ನು ದೂಡಬೇಡಿ.