ಚಂದ್ರನೂರಿನ ಮೂಲೆ ಸೈಟು

"ನಿಮ್ಮ ಯಜಮಾನನ ಗುಡ್ಡೆ ಮುಟ್ಟಲ್ಲ ಮುನಿತಾಯಮ್ಮ, ಅದನ್ನ ಪಾರ್ಕಿನೊಳಗೆ ಸೇರಿಸ್ತೀನಿ" ಎಂದು ಎಂಜಿನಿಯರ್ ಸೇತುರಾಮರಾಯರು ಮಾತು ಕೊಟ್ಟಿದ್ದು, ಅವಳ ರಾಗಿ ಹೊಲಕ್ಕೆ ಅಳತೆ ಸರಪಳಿ ಹಿಡಿದು ಬಂದ ದಿನ. ಸತ್ತವರನ್ನು ತಮ್ಮ ಹೊಲದಲ್ಲೇ ಹೂತು ಮೇಲೆ ಮಣ್ಣಿನ ಗುಡ್ಡೆ ಮಾಡುವುದು ಅವಳ ಮನೆಯ ಪದ್ಧತಿ. ಹೊಲ ಹೋಯಿತು, ವಿಜಯನಗರ ಬಡಾವಣೆ ಬಂತು; ಗುಡ್ಡೆ ಮಾತ್ರ ಪಾರ್ಕಿನ ಬೇಲಿಯೊಳಗೆ ಉಳಿಯಿತು. ರಾಯರು ಅಲ್ಲೇ ಮನೆ ಕಟ್ಟಿಸಿ, ರಿಟೈರಾಗಿ, ಬಡಾವಣೆ ಸಂಘದ ಅಧ್ಯಕ್ಷರಾದರು. ಅವರ ಮನೆಗೆ ಹಾಲು ಹಾಕುವವಳು ಅವಳೇ.

ಈಗ ಪಾರ್ಕಿನಲ್ಲಿ ವಿಜ್ಞಾನ ಭವನ ಏಳುವುದಿತ್ತು. ಅದರಲ್ಲಿಡಲು ಸಂಘದವರು ಚಂದ್ರನ ಮೇಲೆ ಕಟ್ಟುವ ಊರಿನ ಮಾದರಿ ಮಾಡಿದ್ದರು. ಅಮೆರಿಕದವರು ಅಲ್ಲಿ ಕಾಲಿಟ್ಟು ಬಂದಿದ್ದರಷ್ಟೆ. ಇವರು ಬಡಾವಣೆಯನ್ನೇ ಎಬ್ಬಿಸಿಬಿಟ್ಟಿದ್ದರು. ರಾಯರ ಜಗಲಿಯಲ್ಲಿ ಹಲಗೆಯ ಮೇಲೆ ಸುಣ್ಣದ ಗುಂಡಿಗಳು, ನಡುನಡುವೆ ಮೂವತ್ತು ನಲವತ್ತರ ಸೈಟುಗಳು, ಈಶಾನ್ಯಕ್ಕೆ ಗಣೇಶನ ಗುಡಿ, ಮಳೆ ನೀರಿಗೆ ಚರಂಡಿ ಬೇರೆ. ಪೂರ್ವದ ಮೂಲೆ ಸೈಟು ತನಗೇ ಬೇಕೆಂದು ಬ್ಯಾಂಕಿನ ವೆಂಕಟಗಿರಿ ಹಟ ಹಿಡಿದು, ಕೊಡದಿದ್ದಕ್ಕೆ ಮೀಟಿಂಗಿನ ಕಾಫಿ ಬಿಟ್ಟು ಎದ್ದು ಹೋಗಿದ್ದನಂತೆ. ಇಷ್ಟು ದೊಡ್ಡ ಗಂಡಸರು ಬೊಂಬೆ ಮನೆ ಆಟಕ್ಕೆ ಜಗಳವಾಡಿದ್ದನ್ನು ಮುನಿತಾಯಮ್ಮ ಕೇಳಿರಲಿಲ್ಲ.

ಹಾಲು ಹಾಕಲು ಬಂದ ಅವಳಿಗೆ ರಾಯರು ಬೆತ್ತದಿಂದ ಒಂದೊಂದೇ ತೋರಿಸಿದರು. ಕಲ್ಯಾಣ ಮಂಟಪ, ಕ್ಲಬ್ಬು, ಹಾಲಿನ ಬೂತು. ಅವಳು ಅಳತೆಯ ಲೋಟ ಹಿಡಿದೇ ನಿಂತು ನೋಡಿದಳು.

"ಸತ್ತೋರ್ನ ಎಲ್ಲಿಕ್ತೀರಾ ಸಾಮಿ?"

"ಸಾಯೋರು ಯಾರಮ್ಮ? ಮೊದಲು ಹೋಗೋರೆಲ್ಲ ವಯಸ್ಸಿನ ಹುಡುಗರು."

"ವಯಸ್ಸಿನ ಹುಡುಗ್ರು ಸಾಯಕಿಲ್ವಾ? ನಮ್ಮೋನ್ಗೂ ವಯಸ್ಸಾಗಿರ್ನಿಲ್ಲ."

ರಾಯರು ಬೆತ್ತ ಗೋಡೆಗೆ ಒರಗಿಸಿದರು. ಭವನದ ಪಾಯ ಗುಡ್ಡೆಯ ಮೇಲೇ ಹಾಯುತ್ತದಂತಲ್ಲ ಎಂದು ಅವಳು ಕೇಳಿಯೇಬಿಟ್ಟಳು. ಸುತ್ತುಹಾಕಿಕೊಂಡು ಹೋಗಲು ಮೇಸ್ತ್ರಿಗೆ ಹೇಳಿದ್ದೇನೆ, ನಾನೇ ನಿಂತು ನೋಡಿಕೊಳ್ಳುತ್ತೇನೆ ಎಂದು ಅವರು ಚಂದ್ರನ ಊರನ್ನೇ ನೋಡುತ್ತ ಅಂದರು.

"ಅಲ್ಲಿ ಯಾರ್ದೂ ಹೊಲ ಇಲ್ವಲ್ಲ ಸಾಮಿ, ನಿಮ್ಗೆ ಸಲೀಸು" ಎಂದು ಅವಳು ಹಾಲು ಸುರಿದು ಮೆಟ್ಟಿಲಿಳಿದಳು.

ಶುಕ್ರವಾರ ಗುದ್ದಲಿ ಪೂಜೆಯಾಯಿತು. ಮುನಿಸು ಮರೆತು ಬಂದಿದ್ದ ವೆಂಕಟಗಿರಿ ತೆಂಗಿನಕಾಯಿ ಒಡೆದ. ಮುನಿತಾಯಮ್ಮ ಬೇಲಿಯ ಹೊರಗೆ ನಿಂತಿದ್ದಳು. ಆಳುಗಳು ಅಗೆಯತೊಡಗಿದಾಗ ರಾಯರು ಪುರೋಹಿತರನ್ನು ಕರೆದುಕೊಂಡು ತಿಂಡಿಗೆ ಹೋಗಿದ್ದರು. ಹಾರೆಗೆ ಮೊದಲು ಸಿಕ್ಕಿದ್ದು ಗುಡ್ಡೆಯ ತಲೆಗಲ್ಲು. ಅದನ್ನು ಮಗುಚಿ ಪಕ್ಕಕ್ಕೆ ಹಾಕಿ ಆಳುಗಳು ಅಗೆಯುತ್ತ ಹೋದರು. ಸೇತುರಾಮರಾಯರು ಮಾತು ಉಳಿಸಿಕೊಳ್ಳಲಿಲ್ಲ.